ಒಡೆಯಲೇಬೇಕಾದ ಶೀಟು

ನಮ್ಮ ಸಂಸಾರದಲ್ಲಿ ಮಾಡುವವನು ಗಂಡ, ಒಡೆಯುವವಳು ಹೆಂಡತಿ. ಹೀಗೆಂದರೆ ಜನ ಅಡುಗೆಮನೆಯ ಪಾತ್ರೆಗಳ ಕಡೆ ನೋಡುತ್ತಾರೆ. ನಾನು ಹೇಳುತ್ತಿರುವುದು ಪ್ಲಾಸ್ಟಿಕ್ ಶೀಟಿನ ವಿಚಾರ. ಶಿರಾದಿಂದ ಮಧುಗಿರಿ ರಸ್ತೆಗೆ ಹೊರಳಿದರೆ ಜಯಕುಮಾರ್ ಅವರ ಚಿಕ್ಕ ಕಾರ್ಖಾನೆ ಸಿಗುತ್ತದೆ. ಅಲ್ಲಿ ನನ್ನ ಗಂಡ ತಿಪ್ಪೇಶ್ ಯಂತ್ರದಿಂದ ಗಾಜಿನಂಥ ಶೀಟು ತೆಗೆಯುತ್ತಾನೆ. ಪಕ್ಕದ ಕೋಣೆಯಲ್ಲಿ ನಾನು ಅದೇ ಶೀಟಿನ ಮೇಲೆ ಕಬ್ಬಿಣದ ಗುಂಡು ಬೀಳಿಸುತ್ತೇನೆ. ತಡೆದರೆ ಪಾಸು, ಒಡೆದರೆ ಫೇಲು. ಫೇಲಾದ ದಿನ ಮನೆಯಲ್ಲಿ ಸಾರಿಗೆ ಉಪ್ಪು ಎಷ್ಟು ಹಾಕಿದರೂ ಸರಿಹೋಗುವುದಿಲ್ಲ.

ತಿಪ್ಪೇಶ್ ನನ್ನ ಸೋದರಮಾವನ ಮಗ. ಪಾವಗಡದ ಕಡೆಯವನು, ಗಾಬರಿಯಾದರೆ ಬಾಯಲ್ಲಿ ತೆಲುಗು ಬರುತ್ತದೆ. ನಾನು ಮಿಡಿಗೇಶಿಯವಳು. ಚಿಕ್ಕಂದಿನಿಂದ ಅವನನ್ನು ಬಾವ ಎಂದು ಕರೆದು, ಅವನ ಜೊತೆ ಜಗಳವಾಡಿಕೊಂಡೇ ಬೆಳೆದವಳು. ಕಾರ್ಖಾನೆಯ ಗೇಟು ದಾಟಿದ ಮೇಲೆ ಮಾತ್ರ ಅವನು ಆಪರೇಟ್ರು, ನಾನು ವೇದಾವತಿ ಮೇಡಂ. ಹಾಗೆಂದು ಕಟ್ಟು ಮಾಡಿದವಳು ನಾನೇ. ನನ್ನ ಕಟ್ಟುಗಳು ಬಹಳ. ನನ್ನ ಕೋಣೆಗೆ ಚಪ್ಪಲಿ ಬರಬಾರದು, ಪರೀಕ್ಷೆಗೆ ಇಟ್ಟ ಶೀಟನ್ನು ಯಾರೂ ಮುಟ್ಟಬಾರದು, ಮುಟ್ಟಿದವನಿಗೆ ನನ್ನ ಬಾಯಿ ತಪ್ಪಿದ್ದಲ್ಲ. ನನ್ನ ಬಾಯಿ ಜೋರು, ಅದರಲ್ಲಿ ಮುಚ್ಚುಮರೆ ಏನಿದೆ? ಜೋರಿಲ್ಲದಿದ್ದರೆ ಅಷ್ಟು ಗಂಡಸರ ನಡುವೆ ನನ್ನ ಮಾತು ಕೇಳುವವರು ಯಾರು?

ಈ ಕಥೆ ನಡೆದ ದಿನ ಶೀಟಿನ ಪರೀಕ್ಷೆ ನೋಡಲು ಬರಬೇಕಿದ್ದವರು ಪ್ರಸನ್ನ ಕುಮಾರ್, ಮಧುಗಿರಿ, ಕೊರಟಗೆರೆ, ಪಾವಗಡದ ಸಂತೆಗಳಿಗೆ ಕಮಾನಿನ ಚಾವಣಿ ಹಾಕಿಸುವ ಎಂಜಿನಿಯರು. ಹಿಂದೊಮ್ಮೆ ಬೇರೆ ಯಾರದೋ ಶೀಟು ತಂದು ಒಂದು ಅಂಗಡಿಸಾಲಿಗೆ ಹಾಕಿಸಿದ್ದರಂತೆ. ಬೆಟ್ಟದಿಂದ ಇಳಿದ ಕೋತಿಗಳಿಗೆ ಅದರ ಮೇಲೆ ಧುಮುಕುವುದೇ ಆಟವಾಗಿ, ಒಂದು ಬೆಳಿಗ್ಗೆ ಶೀಟು ಮುರಿದು ಗಡವ ಕೋತಿಯೊಂದು ಸೊಪ್ಪು ಮಾರುವವಳ ಬುಟ್ಟಿಯಲ್ಲೇ ಕುಕ್ಕರಿಸಿತಂತೆ. ಸೊಪ್ಪಿನವಳಿಗೆ ಏನೂ ಆಗಲಿಲ್ಲ, ಪ್ರಸನ್ನ ಕುಮಾರ್ ಅವರಿಗೆ ಮಾತ್ರ ಅಲ್ಲಿಂದ ನಿದ್ದೆ ಹೋಯಿತು. ‘ಬಂಡೆ ಬಿದ್ದರೆ ತಡೀಲಿ ಅಂತ ನಾನು ಕೇಳಲ್ಲ, ಕೋತಿ ಹಾರಿದರೆ ತಡೀಬೇಕು’ ಎಂದು ಫೋನಿನಲ್ಲಿ ಹೇಳಿದ್ದರು. ಅಂದಿನಿಂದ ನನ್ನ ಕೋಣೆಯ ಗುಂಡಿಗೆ ಕೋತಿ ಎಂದೇ ಹೆಸರು ಬಿತ್ತು.

ತಿಪ್ಪೇಶನ ಬದುಕೇ ಆ ಕೋತಿಯ ಮೇಲೆ ನಿಂತಿತ್ತು. ಅವನು ಮೊದಲಿದ್ದದ್ದು ಹಿಂದಿನ ಶೆಡ್ಡಿನಲ್ಲಿ, ಹಳೇ ಡ್ರಿಪ್ ಪೈಪುಗಳನ್ನು ಪುಡಿ ಮಾಡುವ ಯಂತ್ರದ ಹತ್ತಿರ. ಅದರ ಸದ್ದಿಗೆ ಮನೆಗೆ ಬಂದ ಮೇಲೂ ಅವನ ಕಿವಿ ಗುಂಯ್‌ಗುಟ್ಟುತ್ತಿತ್ತು, ಮೂಗಿನಲ್ಲಿ ಕರಿ ದೂಳು. ಶೀಟಿನ ಹೊಸ ಯಂತ್ರ ಬಂದಾಗ ಜಯಕುಮಾರ್ ಅವರ ಹಿಂದೆ ಹಿಂದೆ ಸುತ್ತಿ ಅದನ್ನು ಕೇಳಿ ಪಡೆದಿದ್ದ. ಹೋದ ತಿಂಗಳು ಕರೆಂಟು ಹೋಗಿ, ಪ್ಲಾಸ್ಟಿಕ್ ಕಾಳು ಸರಿಯಾಗಿ ಒಣಗದೆ, ಒಂದು ಕಂತು ಶೀಟೆಲ್ಲ ಗುಳ್ಳೆ ಗುಳ್ಳೆಯಾಗಿ ಬಂತು. ಆಗಲೇ ಜಯಕುಮಾರ್ ಹೇಳಿಬಿಟ್ಟಿದ್ದರು. ‘ಇದೊಂದು ಆರ್ಡ್ರು ಪಾಸಾದ್ರೆ ಮಿಷನ್ ನಿಂದೇ. ಇಲ್ಲಾಂದ್ರೆ ಬೆಂಗಳೂರಿಂದ ಆಪರೇಟ್ರನ್ನ ಕರೆಸ್ತೀನಿ, ನೀನು ವಾಪಸ್ ಪುಡಿ ಮಿಷನ್‌ಗೆ ಹೋಗು.’

ಹೆಂಡತಿ ಪರೀಕ್ಷಕಿ, ಗಂಡನಿಗೇನು ಭಯ ಎಂದು ಕಾರ್ಖಾನೆಯವರೆಲ್ಲ ಚುಡಾಯಿಸುತ್ತಿದ್ದರು. ಅವರಿಗೇನು ಗೊತ್ತು? ಗಂಡನ ಶೀಟೆಂದು ನಾನು ಗುಂಡನ್ನು ಒಂದು ಗೇಣು ಹೆಚ್ಚೇ ಎತ್ತರದಿಂದ ಬಿಡುತ್ತಿದ್ದೆ.

ಹಿಂದಿನ ಸಂಜೆ ಹೊಸ ಕಂತಿನ ಮೊದಲ ಶೀಟಿನಿಂದಲೇ ಒಂದು ತುಂಡು ಕತ್ತರಿಸಿ, ಚಾವಣಿಯ ಹಾಗೆ ಕಮಾನು ಬಗ್ಗಿಸಿ, ಕಬ್ಬಿಣದ ಚೌಕಟ್ಟಿನಲ್ಲಿ ನಟ್ಟು ಬಿಗಿದು ಇಟ್ಟಿದ್ದೆ. ಶೀಟು ಒಂದು ರಾತ್ರಿ ಕೋಣೆಯ ಹವೆಗೆ ಹೊಂದಿಕೊಳ್ಳಬೇಕು. ಎಂಥ ಶೀಟು ಎನ್ನುತ್ತೀರಿ! ಅದರ ಹಿಂದೆ ಕೈ ಹಿಡಿದರೆ ಕೈಗೆರೆ ಎಣಿಸಬಹುದಿತ್ತು. ಬೆಳಿಗ್ಗೆ ಬೈಕಿನಲ್ಲಿ ಬರುವಾಗ ತಿಪ್ಪೇಶ್ ಹಾಡು ಗುನುಗುತ್ತಿದ್ದ. ನನಗೂ ಎದೆಯಲ್ಲಿ ಪುಕಪುಕ. ಖುಷಿಯೋ ಭಯವೋ ಗೊತ್ತಾಗದಂಥ ಪುಕಪುಕ.

ಪ್ರಸನ್ನ ಕುಮಾರ್ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಕಾಫಿ ಬೇಡವೆಂದರು, ಕುರ್ಚಿ ಬೇಡವೆಂದರು, ಚಪ್ಪಲಿಯನ್ನು ಮಾತ್ರ ಹೇಳದೆಯೇ ಹೊರಗೆ ಬಿಟ್ಟರು. ಅಲ್ಲೇ ನನಗೆ ಮನುಷ್ಯ ಹಿಡಿಸಿಬಿಟ್ಟರು. ಯಂತ್ರಗಳನ್ನು ನಿಲ್ಲಿಸಿ ಎಲ್ಲರೂ ನನ್ನ ಕೋಣೆಯ ಬಾಗಿಲಲ್ಲಿ ಜಮಾಯಿಸಿದರು. ತಿಪ್ಪೇಶ್ ಹಿಂದೆ ನಿಂತು ಎರಡು ಕೈಯನ್ನೂ ಕಂಕುಳಲ್ಲಿ ಅದುಮಿಕೊಂಡಿದ್ದ.

‘ಬುಡ್ಲಾ ಸಾರ್?’ ಎಂದೆ.

‘ಬಿಡಿ.’

ಗುಂಡು ಹಿಡಿದಿದ್ದ ಕೊಕ್ಕೆ ತಪ್ಪಿಸಿದೆ. ಗುಂಡು ಕೊಳವೆಯೊಳಗೆ ಸರ್ರನೆ ಇಳಿದು ಕಮಾನಿನ ನೆತ್ತಿಗೆ ಬಡಿಯಿತು. ಫಟಾರ್! ಶೀಟು ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಹಪ್ಪಳದ ಹಾಗೆ ಸೀಳಿಹೋಯಿತು.

‘ಅಯ್ಯೋ ದೇವುಡಾ’ ಎಂದ ತಿಪ್ಪೇಶನ ದನಿ ಮಾತ್ರ ಕೇಳಿಸಿತು. ಕೋತಿ ಹಾರಿದಷ್ಟೇ ಹೊಡೆತ ಅದು. ಅಂಥ ಶೀಟಿನ ಮೇಲೆ ನಾನು ಅದರ ಎರಡರಷ್ಟು ಬೀಳಿಸಿದ್ದೂ ಉಂಟು, ಒಂದು ಗುಳಿ ಬಿದ್ದು ಸುಮ್ಮನಾಗುತ್ತಿತ್ತು.

ಜಯಕುಮಾರ್ ಮುಖ ಕೆಂಪಾಯಿತು. ‘ಏನ್ಲಾ ತಿಪ್ಪೇಶ, ಮತ್ತೆ ಕಾಳು ಒಣಗಿಸ್ದೆ ಹಾಕಿದ್ಯಾ?’

‘ಇಲ್ಲ ಸಾರ್, ನಮ್ಮಮ್ಮನಾಣೆಗೂ ಒಣಗ್ಸಿದ್ದೀನಿ. ಕಾಳು ಸುರಿಯೋ ಹಾಪರ್ ಮುಂದೆನೇ ಕುಂತಿದ್ದೆ, ಊಟಕ್ಕೂ ಎದ್ದಿಲ್ಲ.’

‘ಹಂಗಾದ್ರೆ ಶೀಟು ತಾನಾಗೇ ಒಡೀತಾ?’

‘ಇನ್ನೊಂದು ತುಂಡು ಇದ್ದರೆ ಹಾಕಿ’ ಎಂದರು ಪ್ರಸನ್ನ ಕುಮಾರ್. ಅದೇ ಶೀಟಿನ ಇನ್ನೊಂದು ತುಂಡು ಕಪಾಟಿನಲ್ಲಿತ್ತು. ಬಗ್ಗಿಸಿ, ಬಿಗಿದು, ಬೀಳಿಸಿದೆ. ಗುಂಡು ಚೆಂಡಿನ ಹಾಗೆ ಪುಟಿದು ಪಕ್ಕಕ್ಕೆ ಉರುಳಿತು. ಶೀಟಿಗೆ ಒಂದು ಗೀರೂ ಇಲ್ಲ! ಬಾಗಿಲಲ್ಲಿದ್ದವರು ಹೋ ಎಂದು ಚಪ್ಪಾಳೆ ತಟ್ಟಿದರು. ಪ್ರಸನ್ನ ಕುಮಾರ್ ತಟ್ಟಲಿಲ್ಲ.

‘ಇದು ಇನ್ನೂ ಕಷ್ಟ ಆಯ್ತಲ್ಲ ಮೇಡಂ’ ಎಂದರು. ‘ಎರಡೂ ಒಡೆದಿದ್ದರೆ ಶೀಟು ಕೆಟ್ಟದ್ದು ಅಂತ ಬಿಟ್ಟು ಹೋಗ್ತಿದ್ದೆ. ಒಂದು ಒಡೀತು, ಒಂದು ಒಡೀಲಿಲ್ಲ. ಸಂತೇಲಿ ಜನದ ತಲೆ ಮೇಲೆ ಹಾಕೋ ಶೀಟಲ್ಲಿ ಯಾವುದು ಒಳ್ಳೇದು, ಯಾವುದು ಕೆಟ್ಟದ್ದು ಅಂತ ನಾನು ಹೇಗೆ ತಿಳ್ಕೊಳ್ಳಲಿ? ಮಧ್ಯಾಹ್ನ ಪಾವಗಡಕ್ಕೆ ಹೊರಡ್ತೀನಿ. ಅಷ್ಟರೊಳಗೆ ಯಾಕೆ ಒಡೀತು ಅಂತ ತೋರಿಸಿ. ಇಲ್ಲದಿದ್ದರೆ ನನ್ನನ್ನ ಕ್ಷಮಿಸಿ.’

ಮಾತು ನ್ಯಾಯವಾದದ್ದೇ. ನ್ಯಾಯವಾದ ಮಾತಿಗೆ ಜಗಳವಾಡಲೂ ಆಗುವುದಿಲ್ಲ, ಅದೇ ಸಂಕಟ.

ಬಿಚ್ಚಿಟ್ಟಿದ್ದ ಒಡೆದ ಶೀಟನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ. ಗುಂಡು ಬಿದ್ದ ಗುಳಿ ನಟ್ಟನಡುವೆ ಇತ್ತು. ಬಿರುಕು ಅಲ್ಲಿಂದ ಹೊರಟಿರಲಿಲ್ಲ! ಅದು ಹೊರಟದ್ದು ಗುಳಿಯಿಂದ ಒಂದು ಗೇಣು ಆಚೆ, ಎಡಗಡೆಯ ಅಂಚಿನ ಹತ್ತಿರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಹೊಡೆತ ಬಿದ್ದದ್ದು ಒಂದು ಕಡೆ, ಒಡೆದದ್ದು ಇನ್ನೊಂದು ಕಡೆ. ಶೀಟನ್ನು ಓರೆ ಮಾಡಿದೆ. ಆ ಜಾಗದಲ್ಲಿ ಅಂಗೈಯಗಲಕ್ಕೆ ಕೂದಲಿಗಿಂತ ಸಣ್ಣ ಗೆರೆಗಳು ಮಿಣಮಿಣ ಎಂದವು. ನನ್ನ ಮೈ ಜುಂ ಎಂದಿತು. ಕಾಳು ಒಣಗದಿದ್ದರೆ ಶೀಟಿನ ಉದ್ದಗಲಕ್ಕೂ ಗುಳ್ಳೆ ಬರಬೇಕು. ಒಂದೇ ಕಡೆ, ಅಂಗೈಯಗಲಕ್ಕೆ ಗೆರೆ ಬರಬೇಕಾದರೆ ಅಲ್ಲಿ ಒಂದು ಕೈ ಆಡಿರಬೇಕು.

‘ಸಿಕ್ತು!’ ಎಂದು ಕಿರುಚಿದೆ. ಏನು ಸಿಕ್ಕಿತೆಂದು ನನಗಿನ್ನೂ ಗೊತ್ತಿರಲಿಲ್ಲ, ಬಾಯಿ ತಡೆಯಲಿಲ್ಲ ಅಷ್ಟೆ.

ಅಂಚನ್ನು ನೋಡಿದೆ, ಚೌಕಟ್ಟಿನ ಪಟ್ಟಿ ಕಚ್ಚಿಕೊಂಡಿದ್ದ ಜಾಗ. ಅಲ್ಲಿ ಒಂದು ಚೂರು ಹಳದಿ. ಉಗುರಿನಿಂದ ಕೆರೆದು ಮೂಸಿದೆ. ಅರಿಶಿನ.

ತಕ್ಷಣ ಎಲ್ಲ ತಿಳಿದುಹೋಯಿತು. ನಮ್ಮ ಜನ ಹಾಗೆಯೇ. ಹಸು ಮೊದಲ ಕರು ಹಾಕಲಿ, ಹೊಸ ಬೋರಿನಲ್ಲಿ ನೀರು ಬರಲಿ, ಬೈಕು ಕೊಳ್ಳಲಿ, ಮೊದಲು ಅರಿಶಿನ ಕುಂಕುಮ ಬೀಳಬೇಕು. ಹೊಸ ಕಂತಿನ ಮೊದಲ ಶೀಟಿಗೆ ಅರಿಶಿನ ಕುಂಕುಮ ಹಚ್ಚದೆ ಇರಲು ತಿಪ್ಪೇಶನ ಕೈಲಿ ಆಗುತ್ತಿತ್ತೇ? ಅರಿಶಿನದಿಂದ ಶೀಟು ಒಡೆಯುವುದಿಲ್ಲ. ಆದರೆ ಪ್ಲಾಸ್ಟಿಕ್ಕಿಗೆ ಹತ್ತಿದ ಅರಿಶಿನ ನೀರಿಗೆ ಹೋಗುವುದೂ ಇಲ್ಲ. ಹೋಗಬೇಕಾದರೆ ಬಣ್ಣದವರು ಬಳಸುವ ತಿನ್ನರ್ ಬೇಕು. ಈ ಜಾತಿಯ ಪ್ಲಾಸ್ಟಿಕ್ಕಿಗೆ ತಿನ್ನರ್ ಅಂದರೆ ವಿಷ, ಅದರಲ್ಲೂ ಬಗ್ಗಿಸಿ ಬಿಗಿದಿಟ್ಟಾಗ.

ತಲೆಯೆತ್ತಿ ತಿಪ್ಪೇಶನನ್ನು ನೋಡಿದೆ. ಅವನು ನನ್ನ ಉಗುರಿನ ಹಳದಿಯನ್ನೇ ನೋಡುತ್ತಿದ್ದ. ನನಗೆ ಏನು ಮಾಡಬೇಕೋ ತೋಚಲಿಲ್ಲ. ಹೇಳಿದರೆ ಅಷ್ಟು ಜನರ ಮುಂದೆ ಗಂಡನ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ಅವನ ಯಂತ್ರ ಹೋಗುತ್ತದೆ. ಜೀವಮಾನದಲ್ಲಿ ಮೊದಲ ಸಲ ನನ್ನ ಬಾಯಿ ಕಟ್ಟಿತು.

‘ಏನು ಸಿಕ್ತು ವೇದಾವತಿ?’ ಎಂದರು ಜಯಕುಮಾರ್.

ನಾನು ತುಟಿ ಬಿಚ್ಚುವ ಮೊದಲೇ ತಿಪ್ಪೇಶ್ ಜನರನ್ನು ಸರಿಸಿಕೊಂಡು ಮುಂದೆ ಬಂದ. ‘ನಾನೇ ಸಾರ್. ನಿನ್ನೆ ಸಾಯಂಕಾಲ ಮೇಡಮ್ಮು ಕೈ ತೊಳಿಯಕ್ಕೆ ಹೋದಾಗ ಶೀಟಿಗೆ ಅರಿಶಿನ ಕುಂಕುಮ ಇಟ್ಬುಟ್ಟೆ. ಆಮೇಲೆ ಭಯ ಆಯ್ತು. ನೀರಾಕಿ ಒರೆಸ್ದೆ, ಹೋಗ್ಲಿಲ್ಲ. ತಿನ್ನರ್ ಹಾಕಿ ಉಜ್ಜಿಬುಟ್ಟೆ.’

‘ಭಯವಾ? ಯಾರ ಭಯ?’ ಎಂದರು ಪ್ರಸನ್ನ ಕುಮಾರ್.

ತಿಪ್ಪೇಶ್ ಗದ್ದದಲ್ಲೇ ನನ್ನ ಕಡೆ ತೋರಿಸಿದ. ಬಾಗಿಲಲ್ಲಿದ್ದವರು ಬಿದ್ದು ಬಿದ್ದು ನಕ್ಕರು. ಪ್ರಸನ್ನ ಕುಮಾರ್ ಕೂಡ ಮುಖ ತಿರುಗಿಸಿಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಮುಟ್ಟಬೇಡ, ಮುಟ್ಟಬೇಡ ಎಂದು ಅರಚಿದ್ದೇ ಅರಚಿದ್ದು, ಯಾಕೆ ಮುಟ್ಟಬಾರದು ಎಂದು ಒಬ್ಬನಿಗೂ ನಾನು ಹೇಳಿರಲಿಲ್ಲ. ತಿನ್ನರಿನಿಂದ ಹೀಗಾಗುತ್ತದೆಂದು ಅವನಿಗೆ ಗೊತ್ತಿದ್ದರೆ ತನ್ನ ನಾಲಿಗೆಯಿಂದಾದರೂ ನೆಕ್ಕಿ ತೆಗೆಯುತ್ತಿದ್ದ, ತಿನ್ನರ್ ಮುಟ್ಟುತ್ತಿರಲಿಲ್ಲ.

ನಗು ನಿಂತ ಮೇಲೆ ಪ್ರಸನ್ನ ಕುಮಾರ್ ಹೇಳಿದರು. ‘ಕಥೆ ಚೆನ್ನಾಗಿದೆ. ಆದರೆ ನೀವಿಬ್ಬರೂ ಗಂಡ ಹೆಂಡತಿ ಅಂತ ಆಗಲೇ ಕೇಳಿದೆ. ಮನೆಯವರನ್ನ ಉಳಿಸಿಕೊಳ್ಳೋಕೆ ಯಾರು ಬೇಕಾದರೂ ಕಥೆ ಕಟ್ಟಬಹುದು. ನನ್ನ ಕಣ್ಣ ಮುಂದೆ ಮಾಡಿ ತೋರಿಸಿ. ಅದೇ ಶೀಟು, ಅದೇ ತಿನ್ನರ್, ಅದೇ ಗುಂಡು. ಒಡೆದರೆ ನಂಬ್ತೀನಿ.’

ಈಗ ನೋಡಿ ತಮಾಷೆ! ಇಷ್ಟು ದಿನ ಒಡೆಯದಿರಲಿ ಎಂದು ಕೈ ಮುಗಿಯುತ್ತಿದ್ದ ತಿಪ್ಪೇಶ್ ಈಗ ಒಡೆಯಲಿ ಎಂದು ಬೇಡಿಕೊಳ್ಳಬೇಕು. ಓಡಿ ಹೋಗಿ ಹೊಸ ತುಂಡು ಕತ್ತರಿಸಿ ತಂದ. ಮೇಜಿನ ಮೇಲೆ ಇಟ್ಟು, ಬಟ್ಟೆಗೆ ತಿನ್ನರ್ ಸುರಿದು, ಎಡಗಡೆ ಚೆನ್ನಾಗಿ ಉಜ್ಜಿದ. ಅದು ಆರಿದ ಮೇಲೆ ನಾನು ಬಗ್ಗಿಸಿ ಚೌಕಟ್ಟಿಗೆ ಬಿಗಿದೆ. ಗುಂಡು ಎತ್ತಿದೆ.

‘ಒಡಿ ನನ್ನಪ್ಪಾ, ಒಡಿ’ ಎಂದು ತಿಪ್ಪೇಶ್ ಗೊಣಗುತ್ತಿದ್ದ.

ಬಿಟ್ಟೆ. ಗುಂಡು ಬಡಿದು, ಪುಟಿದು, ಉರುಳಿಹೋಯಿತು. ಶೀಟು ಗಟ್ಟಿಯಾಗಿ ಕೂತೇ ಇತ್ತು.

ಅಷ್ಟು ಒಳ್ಳೆಯ ಶೀಟನ್ನು ಕಂಡು ಅಷ್ಟು ದುಃಖ ಯಾರಿಗೂ ಆಗಿರಲಾರದು. ತಿಪ್ಪೇಶ್ ಗೋಡೆಗೆ ಒರಗಿ ಕುಸಿದ. ಜಯಕುಮಾರ್ ಹಣೆ ಒರೆಸಿಕೊಂಡರು. ಪ್ರಸನ್ನ ಕುಮಾರ್ ಬ್ಯಾಗಿನ ಜಿಪ್ ಎಳೆದು ಹೆಗಲಿಗೆ ಹಾಕಿಕೊಂಡರು. ‘ಬರ್ತೀನಿ ಜಯಕುಮಾರ್. ಬೇಜಾರು ಮಾಡ್ಕೋಬೇಡಿ.’

‘ಒಂದು ನಿಮಿಷ ಸಾರ್, ನಿಂತ್ಕಳಿ!’ ಎಂದು ಅಡ್ಡ ಬಂದೆ. ತಿಪ್ಪೇಶನ ಎದುರು ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತೆ. ನನಗೇ ಗೊತ್ತಿಲ್ಲದೆ ಕಾರ್ಖಾನೆಯ ಕಟ್ಟು ಮುರಿಯಿತು. ‘ಬಾವ, ನನ್ನ ಮಕ ನೋಡು. ನಾನು ಬೈಯಲ್ಲ. ನಿನ್ನೆ ಹೆಂಗ್ ಮಾಡ್ದೆ, ಅಂಗೇ ಹೇಳು.’

‘ಹೇಳಿದ್ನಲ್ಲೇ ವೇದಾ. ಬಟ್ಟೆಗೆ ಹಾಕ್ಕಂಡೆ, ಉಜ್ಜಿದೆ.’

‘ಮೇಜಿನ ಮೇಲಾ?’

‘ಎಲ್ಲಿ ಮೇಜು? ನೀನು ಬಿಗಿದಿಟ್ಟು ಹೋಗಿದ್ದೆ. ಚೌಕಟ್ಟಲ್ಲೇ ಇತ್ತು. ಬಿಚ್ಚಿದ್ರೆ ನಿಂಗೆ ಗೊತ್ತಾಗುತ್ತೆ ಅಂತ ಅಂಗೇ ಮೇಲೇನೇ...’

ಮಾತು ಮುಗಿಯುವ ಮೊದಲೇ ನಾನು ಎದ್ದು ನಿಂತಿದ್ದೆ. ಹೌದಲ್ಲ! ಬಗ್ಗಿದ ಶೀಟಿನ ಹೊರಮೈ ಎಳೆದುಕೊಂಡಿರುತ್ತದೆ. ಎಳೆದುಕೊಂಡಿದ್ದಾಗಲೇ ತಿನ್ನರ್ ಬಿದ್ದರೆ ಅದು ಒಳಕ್ಕೆ ಕಚ್ಚುತ್ತದೆ. ನಾವು ಮೇಜಿನ ಮೇಲೆ ಉಜ್ಜಿ, ಆರಿಸಿ, ಆಮೇಲೆ ಬಗ್ಗಿಸಿದ್ದೆವು. ಇಷ್ಟು ದಿನ ಇದೇ ಕೆಲಸ ಮಾಡಿಕೊಂಡು ಬಂದವಳಿಗೆ ಅಷ್ಟು ಹೊಳೆಯಬೇಡವೇ?

‘ಇನ್ನೊಂದು ತುಂಡು ತಾ ಬಾವ! ಓಡು!’

ಅವನು ಓಡಿದ ಓಟ ನೋಡಬೇಕಿತ್ತು. ಪ್ರಸನ್ನ ಕುಮಾರ್ ಬ್ಯಾಗನ್ನು ಹೆಗಲ ಮೇಲೇ ಇಟ್ಟುಕೊಂಡು ನಿಂತರು, ಇಳಿಸಲಿಲ್ಲ. ಈ ಸಲ ಮೊದಲು ಬಗ್ಗಿಸಿದೆವು, ನಟ್ಟು ಬಿಗಿದೆವು, ಆಮೇಲೆ ತಿಪ್ಪೇಶ್ ಬಟ್ಟೆ ಹಿಡಿದು ಉಜ್ಜಿದ. ಸುಮ್ಮನೆ ಕಾಯಲು ಆಗದೆ ಯಾರೋ ಟೀ ತಂದರು. ಲೋಟ ಕೈಯಲ್ಲೇ ತಣ್ಣಗಾಯಿತು. ಎಲ್ಲರೂ ಆ ಅಂಗೈಯಗಲದ ಜಾಗವನ್ನೇ ನೋಡುತ್ತಿದ್ದೆವು, ಹಾಲು ಉಕ್ಕುವುದನ್ನು ಕಾಯುವವರ ಹಾಗೆ.

‘ಅಲ್ಲಿ!’ ಎಂದವರು ಪ್ರಸನ್ನ ಕುಮಾರ್. ಬಗ್ಗಿ ಓರೆಯಲ್ಲಿ ನೋಡುತ್ತಿದ್ದ ಅವರ ಕಣ್ಣಿಗೇ ಮೊದಲು ಕಂಡಿತು. ಒಂದು ಸಣ್ಣ ಗೆರೆ, ಅದರ ಪಕ್ಕ ಇನ್ನೊಂದು, ಮತ್ತೊಂದು. ಬ್ಯಾಗು ತಾನಾಗಿಯೇ ನೆಲಕ್ಕಿಳಿಯಿತು. ‘ಬರ್ತಾ ಇದೆ ಕಣ್ರೀ, ಬರ್ತಾ ಇದೆ! ಬಿಡಿ ಮೇಡಂ, ಬಿಡಿ!’

‘ನೀನೇ ಬುಡು ಬಾವ’ ಎಂದೆ. ಆ ಕೊಕ್ಕೆಯನ್ನು ನಾನು ಬೇರೆ ಯಾರ ಕೈಗೂ ಕೊಟ್ಟವಳಲ್ಲ.

ತಿಪ್ಪೇಶ್ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಕಣ್ಣು ಮುಚ್ಚಿ, ಕೊಕ್ಕೆ ತಪ್ಪಿಸಿದ.

ಫಟಾರ್! ಗುಳಿಯಿಂದ ಒಂದು ಗೇಣು ಆಚೆ, ಉಜ್ಜಿದ ಜಾಗದಿಂದಲೇ ಹೊರಟು, ಶೀಟು ಎರಡಾಯಿತು.

ಎಲ್ಲರೂ ಕೂಗಿದ ಕೂಗು ಶಿರಾ ಪೇಟೆಗೂ ಕೇಳಿಸಿರಬೇಕು. ಒಡೆದ ಶೀಟಿಗೆ ಅಷ್ಟು ಸಂತೋಷಪಟ್ಟ ಕಾರ್ಖಾನೆ ಇನ್ನೊಂದಿರಲಾರದು. ಜಯಕುಮಾರ್ ತಿಪ್ಪೇಶನ ಬೆನ್ನಿಗೆ ಗುದ್ದಿದ್ದೇ ಗುದ್ದಿದ್ದು. ‘ಮಿಷನ್ ನಿಂದೇ ಕಣ್ಲಾ, ನಿಂದೇ!’ ತಿಪ್ಪೇಶ್ ಎರಡು ತುಂಡನ್ನೂ ಎದೆಗೊತ್ತಿಕೊಂಡು ನಗುತ್ತಲೂ ಇದ್ದ, ಮೂಗು ಸೊರಸೊರ ಎನ್ನಿಸುತ್ತಲೂ ಇದ್ದ. ನಾನೂ ಅತ್ತೆ. ಅತ್ತದ್ದು ಖುಷಿಗೆ. ಸ್ವಲ್ಪ ನಾಚಿಕೆಗೂ ಅತ್ತೆ.

ಪ್ರಸನ್ನ ಕುಮಾರ್ ಸುಮ್ಮನೆ ಬಿಡುವವರಲ್ಲ. ಕಂತಿನ ಬೇರೆ ಬೇರೆ ಶೀಟುಗಳಿಂದ ತಾವೇ ಬೆರಳಿಟ್ಟು ಆರಿಸಿ ತುಂಡು ಕತ್ತರಿಸಿದರು. ಒಂದೊಂದರ ಮೇಲೂ ಕೋತಿ ಹಾರಿತು, ಒಂದೂ ಒಡೆಯಲಿಲ್ಲ. ಎಲ್ಲ ಮುಗಿದ ಮೇಲೆ ಕುರ್ಚಿ ಎಳೆದುಕೊಂಡು ಕೂತು, ಕೊನೆಗೂ ಕಾಫಿ ಕೇಳಿದರು.

‘ಶೀಟು ತಗೋತೀನಿ’ ಎಂದರು. ‘ಕೋತಿಯೇನೋ ಹಾರಿ ಹೋಗುತ್ತೆ. ಚಾವಣಿಗೆ ಹಾಕೋ ಹುಡುಗರು ಅರಿಶಿನ ಇಡೋದನ್ನ ಯಾರಿಂದ ತಪ್ಪಿಸೋಕಾಗುತ್ತೆ? ತಿನ್ನರ್ ಮಾತ್ರ ಮುಟ್ಟಬೇಡಿ ಅಂತ ಅವರಿಗೆ ನಾನು ಹೇಳ್ತೀನಿ. ಇಲ್ಲೀದು ನೀವು ಹೇಳಿ ಮೇಡಂ, ಈ ತಪ್ಪು ಇನ್ನೊಂದು ಸಲ ಆಗದ ಹಾಗೆ ಏನು ಮಾಡ್ತೀರಿ?’

ಎಲ್ಲರೂ ನನ್ನ ಕಡೆ ನೋಡಿದರು. ಹೊಸದೊಂದು ಕಟ್ಟು ಹೇಳುತ್ತೇನೆಂದು ಕಾದಿದ್ದರೇನೋ. ಪಕ್ಕದಲ್ಲಿ ತಿಪ್ಪೇಶ್ ಇನ್ನೂ ಒಡೆದ ತುಂಡು ಹಿಡಿದುಕೊಂಡೇ ನಿಂತಿದ್ದ.

‘ನಾನು ಬೈಯೋದು ಬುಟ್ಬುಡ್ತೀನಿ ಸಾರ್’ ಎಂದೆ. ಮನಸಾರೆ ಹೇಳಿದೆ.

ಯಾರೂ ನಗಲಿಲ್ಲ. ತಿಪ್ಪೇಶ್ ನನ್ನನ್ನು ಒಂದು ಗಳಿಗೆ ನೋಡಿದ. ನಮ್ಮ ಮದುವೆಯ ದಿನವೂ ಅವನು ಹಾಗೆ ನೋಡಿರಲಿಲ್ಲ. ಆಮೇಲೆ ಪ್ರಸನ್ನ ಕುಮಾರ್ ಕಡೆ ತಿರುಗಿದ.

‘ಅದು ಆಗೋ ಹೋಗೋ ಮಾತಲ್ಲ ಸಾರ್’ ಎಂದ. ‘ತಿನ್ನರ್ ಡಬ್ಬಕ್ಕೆ ಬೀಗ ಹಾಕ್ಸಿ.’